ಕಲಿತ ಊರಲ್ಲೇ ಉಳಿದ ಸರ್ಜನ್‌ಗಳು: ಆಫ್ರಿಕಾದ ವೈದ್ಯ ಶಿಕ್ಷಣವೂ ಉಗಾಂಡಾದ ಒಮಾಸ್ವಾ ಅವರೂ

ಹೃದಯದ ಆಪರೇಷನ್ ಮಾಡುವ ಸರ್ಜನ್ ಒಬ್ಬರು ರಾಜಧಾನಿಯ ದೊಡ್ಡ ಆಸ್ಪತ್ರೆ ಬಿಟ್ಟು ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗೆ ಹೋಗಿ ಕೂತರೆ ಜನ ಏನಂತಾರೆ? ಏನೋ ಎಡವಟ್ಟು ಮಾಡಿಕೊಂಡಿರಬೇಕು ಅನ್ನುತ್ತಾರೆ. 1980ರ ದಶಕದ ಶುರುವಿನಲ್ಲಿ ಉಗಾಂಡಾದ ಫ್ರಾನ್ಸಿಸ್ ಒಮಾಸ್ವಾ ಅದನ್ನೇ ಮಾಡಿದರು. ಆಗ ಅವರು ಪಕ್ಕದ ಕೀನ್ಯಾದಲ್ಲಿದ್ದರು. ನೈರೋಬಿಯ ಕೆನ್ಯಾಟಾ ರಾಷ್ಟ್ರೀಯ ಆಸ್ಪತ್ರೆಯಲ್ಲಿ ಎದೆ ಮತ್ತು ಹೃದಯದ ಸರ್ಜನ್. ಅದನ್ನು ಬಿಟ್ಟು ಗಡಿ ದಾಟಿ ಬಂದು ಪೂರ್ವ ಉಗಾಂಡಾದ ಎನ್‌ಗೋರಾ ಎಂಬ ಸಣ್ಣ ಊರಿನ ಆಸ್ಪತ್ರೆ ಸೇರಿದರು. ಸುಮಾರು ಐದು ವರ್ಷ ಅಲ್ಲೇ ಇದ್ದರು.

ಆಗಿನ ಉಗಾಂಡಾ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಇದಿ ಅಮೀನ್ 1971ರಲ್ಲಿ ಗದ್ದುಗೆ ಹಿಡಿದ. 1972ರಲ್ಲಿ ಭಾರತ ಮೂಲದವರೂ ಸೇರಿ ಏಷ್ಯನ್ನರನ್ನೆಲ್ಲ ದೇಶದಿಂದ ಓಡಿಸಿದ. 1979ರಲ್ಲಿ ತಾನೇ ಓಡಿಹೋದ. ಈ ಎಂಟು ವರ್ಷದಲ್ಲಿ ಡಾಕ್ಟರುಗಳು ಹೋದರು, ಅವರಿಗೆ ಕಲಿಸುತ್ತಿದ್ದ ಮೇಷ್ಟ್ರುಗಳೂ ಹೋದರು. ಕಂಪಾಲಾದ ಮಕೆರೆರೆ ಮೆಡಿಕಲ್ ಸ್ಕೂಲ್ 1924ರಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ಇಡೀ ಪೂರ್ವ ಆಫ್ರಿಕಾಕ್ಕೆ ಡಾಕ್ಟರುಗಳನ್ನು ಕೊಟ್ಟಿದ್ದ ಆ ಸಂಸ್ಥೆ ಸೊರಗಿ ಹೋಗಿತ್ತು. ಒಮಾಸ್ವಾ ಕಲಿತದ್ದೂ ಅಲ್ಲೇ. ಅಂಥ ಹೊತ್ತಲ್ಲಿ ಹೊರಗಿದ್ದವರು ಒಳಗೆ ಬಂದದ್ದು ಕಡಿಮೆ.

ಎನ್‌ಗೋರಾದಲ್ಲಿ ಅವರು ನೋಡಬೇಕೆಂದಿದ್ದು ಒಂದೇ ವಿಷಯ. ಬಡ ಊರಲ್ಲಿ, ಕೈಯಲ್ಲಿ ಇರುವಷ್ಟು ಸಾಮಾನಿನಲ್ಲೇ, ಒಳ್ಳೆಯ ಶಸ್ತ್ರಚಿಕಿತ್ಸೆ ಕೊಡಲು ಆಗುತ್ತದಾ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ಸರ್ಜನ್ ಕೊನೆಗೆ ಮೇಷ್ಟ್ರಾದರು, ಆಮೇಲೆ ಅಧಿಕಾರಿಯಾದರು, ಆಮೇಲೆ ಇಡೀ ಖಂಡದ ವೈದ್ಯ ಶಿಕ್ಷಣದ ಬಗ್ಗೆ ಮಾತಾಡುವವರಾದರು. ಯಾಕೆ ಹೀಗಾಯಿತು ಅನ್ನೋದು ಹಳ್ಳಿಯ ಓಟಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಜಿಲ್ಲಾ ಮಟ್ಟದ ಆಸ್ಪತ್ರೆ ನೆಟ್ಟಗಿದೆಯಾ ಇಲ್ಲವಾ ಅಂತ ತಿಳಿಯಲು ಮೂರು ಆಪರೇಷನ್ ಸಾಕು ಅನ್ನುತ್ತಾರೆ: ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಷನ್, ಮೂಳೆ ಚರ್ಮ ಸೀಳಿಕೊಂಡು ಹೊರಬಂದ ಮುರಿತದ ಚಿಕಿತ್ಸೆ. ಈ ಮೂರು ಮಾಡಲು ಬಂದರೆ ಉಳಿದ ಬಹಳಷ್ಟು ತಾನಾಗಿಯೇ ಬರುತ್ತದೆ. ಇದರಲ್ಲಿ ಯಾವುದಕ್ಕೂ ಹೃದಯದ ಸರ್ಜನ್ ಬೇಕಿಲ್ಲ. ಆದರೆ ಯಾವುದನ್ನೂ ಒಬ್ಬರೇ ಮಾಡಲೂ ಆಗದು. ರಾತ್ರಿ ಹನ್ನೆರಡಕ್ಕೆ ಹೆರಿಗೆ ನಿಂತುಹೋದ ಹೆಂಗಸೊಬ್ಬಳು ಬಂದಳು ಅಂತಿಟ್ಟುಕೊಳ್ಳಿ. ಅರಿವಳಿಕೆ ಕೊಡಲು ಒಬ್ಬರು ಬೇಕು. ಸಾಮಾನು ಬೇಯಿಸಿ ಇಟ್ಟು, ಕೈಗೆ ಕೊಡುವ ನರ್ಸ್ ಬೇಕು. ಮಗು ಅಳದಿದ್ದರೆ ನೋಡಿಕೊಳ್ಳುವ ಸೂಲಗಿತ್ತಿ ನರ್ಸ್ ಬೇಕು. ರಕ್ತ ಹೊಂದಿಸಿ ನೋಡುವ ಲ್ಯಾಬಿನವನು ಎದ್ದು ಬರಬೇಕು. ಕರೆಂಟ್ ಹೋದರೆ ಜನರೇಟರ್ ಎಳೆಯುವ ಮನುಷ್ಯನೂ ಬೇಕು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಸರ್ಜನ್ ಕೈ ಕಟ್ಟಿ ನಿಲ್ಲಬೇಕಾಗುತ್ತದೆ. ಅದಕ್ಕೇ ಈ ಕ್ಷೇತ್ರದವರು ಬರೀ ‘ವೈದ್ಯ ಶಿಕ್ಷಣ’ ಅನ್ನುವುದಿಲ್ಲ, ಆರೋಗ್ಯ ವೃತ್ತಿಗಳ ಶಿಕ್ಷಣ ಅನ್ನುತ್ತಾರೆ. ಮಾತು ಸ್ವಲ್ಪ ಉದ್ದ, ಆದರೆ ಸುಮ್ನೆ ಇಟ್ಟ ಹೆಸರಲ್ಲ.

ಒಮಾಸ್ವಾ ಮತ್ತೆ ಕಂಪಾಲಾಕ್ಕೆ ಬಂದು 1988ರಲ್ಲಿ ಉಗಾಂಡಾ ಹೃದಯ ಸಂಸ್ಥೆ ಕಟ್ಟಿದರು, ಮಕೆರೆರೆಯಲ್ಲಿ ಪ್ರೊಫೆಸರ್ ಆಗಿ ಕಲಿಸಿದರು. ನಂತರ ಆರೋಗ್ಯ ಇಲಾಖೆಯ ಮಹಾನಿರ್ದೇಶಕರಾದರು. ಇದೆಲ್ಲ ಅವರ ಬಯೋಡೇಟಾದ ಸಾಲುಗಳು. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅವರೂ ಅವರ ಜೊತೆಯವರೂ ಸೇರಿ ಕಟ್ಟಿದ ಇನ್ನೊಂದು ವ್ಯವಸ್ಥೆ. ಅದಕ್ಕೆ ದೊಡ್ಡ ಕಟ್ಟಡ ಇಲ್ಲ, ಹಾಗಾಗಿ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ.

ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾದ ಸರ್ಜನ್‌ಗಳ ಕಾಲೇಜು ಅಂತ ಅದರ ಹೆಸರು. ಚಿಕ್ಕದಾಗಿ ಕೊಸೆಕ್ಸಾ. 1999ರಲ್ಲಿ ಶುರುವಾಯಿತು, ಕಚೇರಿ ಟಾಂಜಾನಿಯಾದ ಅರೂಷಾದಲ್ಲಿದೆ. ಕಾಲೇಜು ಅಂದ ಕೂಡಲೇ ಗೇಟು, ಹಾಸ್ಟೆಲ್ಲು, ಲೆಕ್ಚರ್ ಹಾಲು ಕಣ್ಣ ಮುಂದೆ ಬರುತ್ತದೆ ಅಲ್ವಾ? ಇಲ್ಲಿ ಅದೇನೂ ಇಲ್ಲ. ‘ಗೋಡೆಯಿಲ್ಲದ ಕಾಲೇಜು’ ಅಂತಲೇ ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ.

ಅದಕ್ಕೆ ಮುಂಚೆ ಹೇಗಿತ್ತು ಅಂದರೆ, ಸರ್ಜನ್ ಆಗಬೇಕಾದವರಿಗೆ ಇದ್ದದ್ದು ಎರಡು ದಾರಿ. ಒಂದು, ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಬೆರಳೆಣಿಕೆಯ ಪಿಜಿ ಸೀಟಿಗೆ ಕಾಯಬೇಕು. ಇನ್ನೊಂದು, ವಿಮಾನ ಹತ್ತಿ ಲಂಡನ್ನಿಗೋ ಎಡಿನ್‌ಬರೋಗೋ ಹೋಗಬೇಕು. ಹಾಗೆ ಹೋದವರು ಅಲ್ಲಿನ ಕಾಯಿಲೆಗಳನ್ನು ಅಲ್ಲಿನ ಯಂತ್ರಗಳಲ್ಲಿ ಕಲಿಯುತ್ತಿದ್ದರು. ವಾಪಸ್ ಬಂದರೆ ಆ ಯಂತ್ರ ಇಲ್ಲಿರುತ್ತಿರಲಿಲ್ಲ, ಇಲ್ಲಿನ ಕಾಯಿಲೆ ಅಲ್ಲಿ ಕಂಡಿರುತ್ತಿರಲಿಲ್ಲ. ತುಂಬಾ ಜನ ವಾಪಸ್ ಬರುತ್ತಲೇ ಇರಲಿಲ್ಲ. ಮಲಾವಿ ದೇಶಕ್ಕೆ 1991ರವರೆಗೆ ಸ್ವಂತ ಮೆಡಿಕಲ್ ಕಾಲೇಜೇ ಇರಲಿಲ್ಲ, ಹುಡುಗರನ್ನು ಬ್ರಿಟನ್ನಿಗೆ ಕಳಿಸುತ್ತಿದ್ದರು. ಮಲಾವಿಯಲ್ಲಿರುವುದಕ್ಕಿಂತ ಜಾಸ್ತಿ ಮಲಾವಿ ಡಾಕ್ಟರುಗಳು ಮ್ಯಾಂಚೆಸ್ಟರಿನಲ್ಲಿದ್ದಾರೆ ಎಂಬ ಮಾತು ಬಹಳ ವರ್ಷ ಓಡಾಡಿತು. ಲೆಕ್ಕ ಹಿಡಿದರೆ ನಿಲ್ಲುವ ಮಾತೋ ಅಲ್ಲವೋ, ಅದು ಹುಟ್ಟಿದ್ದರ ಹಿಂದೆ ಒಂದು ನೋವಂತೂ ಇತ್ತು.

ಕೊಸೆಕ್ಸಾ ಮಾಡಿದ್ದು ಸರಳ. ಆಸ್ಪತ್ರೆಗಳನ್ನು ಹೋಗಿ ನೋಡುತ್ತದೆ. ಇಲ್ಲಿ ಕಲಿಸುವಷ್ಟು ಅನುಭವದ ಸರ್ಜನ್‌ಗಳಿದ್ದಾರಾ, ಕಲಿಯುವಷ್ಟು ರೋಗಿಗಳು ಬರುತ್ತಾರಾ, ಓಟಿ, ಅರಿವಳಿಕೆ, ಲ್ಯಾಬು ಸರಿಯಿದೆಯಾ ಅಂತ ಪರೀಕ್ಷಿಸುತ್ತದೆ. ಪಾಸಾದರೆ ಅದು ತರಬೇತಿ ಆಸ್ಪತ್ರೆ. ಸರ್ಕಾರಿಯಾಗಲಿ, ಮಿಷನ್ನಿನದಾಗಲಿ, ರಾಜಧಾನಿಯಿಂದ ದೂರವಿರಲಿ, ಪರವಾಗಿಲ್ಲ. ಡಾಕ್ಟರ್ ಅಲ್ಲೇ ಸಂಬಳದ ಕೆಲಸ ಮಾಡುತ್ತಾ ಕಲಿಯುತ್ತಾರೆ. ಮೊದಲ ಎರಡು ವರ್ಷಕ್ಕೆ ಒಂದು ಪರೀಕ್ಷೆ, ಆಮೇಲೆ ಮೂರು ವರ್ಷ ಕಳೆದರೆ ಕೊನೆಯ ಪರೀಕ್ಷೆ. ಮಾಡಿದ ಒಂದೊಂದು ಆಪರೇಷನ್ನನ್ನೂ ಆನ್‌ಲೈನ್ ಲಾಗ್‌ಬುಕ್‌ನಲ್ಲಿ ಬರೆಯಬೇಕು: ಏನು ಮಾಡಿದಿರಿ, ನೀವೇ ಮಾಡಿದಿರಾ ಅಥವಾ ಪಕ್ಕದಲ್ಲಿ ನಿಂತು ಕೈ ಜೋಡಿಸಿದಿರಾ. ಪುಸ್ತಕ, ಪಾಠ ಎಲ್ಲ ಬಹುಪಾಲು ಆನ್‌ಲೈನ್. ಇದಕ್ಕೆ 2007ರಿಂದ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಜೊತೆಗಿದೆ. ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದ ಒಂದೊಂದು ಊರಿನಲ್ಲಿ ಕೊನೆಯ ಪರೀಕ್ಷೆ. ನೆರೆ ದೇಶಗಳ ಹಿರಿಯ ಸರ್ಜನ್‌ಗಳೇ ಪರೀಕ್ಷಕರು. ನಮ್ಮಲ್ಲಿ ಡಿಎನ್‌ಬಿ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೆಡಿಕಲ್ ಕಾಲೇಜಿನ ಬದಲು ಮಾನ್ಯತೆ ಪಡೆದ ಆಸ್ಪತ್ರೆಯಲ್ಲೇ ದುಡಿಯುತ್ತಾ ಸ್ಪೆಷಲಿಸ್ಟ್ ಆಗುವ ದಾರಿ ಅದು. ಕೊಸೆಕ್ಸಾ ಅದನ್ನೇ ಹತ್ತಕ್ಕೂ ಹೆಚ್ಚು ದೇಶಗಳಿಗೆ ಒಂದೇ ಪರೀಕ್ಷೆ ಇಟ್ಟು ಮಾಡುತ್ತಿದೆ.

ಕೈ ಪಳಗಿಸುವುದು ಹೇಗೆ ಅಂತ ಕೇಳಬಹುದು. ದೂರ್ಬೀನು ಹಾಕಿ ಮಾಡುವ ಆಪರೇಷನ್ ಕಲಿಯಲು ಶ್ರೀಮಂತ ದೇಶಗಳಲ್ಲಿ ಲಕ್ಷಗಟ್ಟಲೆ ರೂಪಾಯಿಯ ಸಿಮ್ಯುಲೇಟರ್ ಇರುತ್ತದೆ. ಅದಿಲ್ಲದ ಕಡೆ ಏನು ಮಾಡುತ್ತಾರೆ ಅಂದರೆ, ಒಂದು ಪ್ಲಾಸ್ಟಿಕ್ ಡಬ್ಬಿಯೋ ರಟ್ಟಿನ ಪೆಟ್ಟಿಗೆಯೋ ತೆಗೆದುಕೊಂಡು ಮೇಲೆ ಎರಡು ತೂತು ಕೊರೆಯುತ್ತಾರೆ. ಒಳಗೆ ಕ್ಯಾಮೆರಾ ಇರುವ ಫೋನು, ಒಂದು ಲೈಟು. ತೂತಿನಿಂದ ಉದ್ದನೆಯ ಸಲಕರಣೆ ತೂರಿಸಿ, ಪರದೆ ನೋಡುತ್ತಾ, ಒಳಗಿರುವ ಕಾಳುಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ಕೈ ಎಡಕ್ಕೆ ಹೋದರೆ ಪರದೆಯಲ್ಲಿ ಬಲಕ್ಕೆ ಹೋಗುತ್ತದೆ. ಮೊದಲ ದಿನ ಕಾಳೆಲ್ಲ ಚೆಲ್ಲಾಪಿಲ್ಲಿ. ತಿಂಗಳು ಕಳೆಯುವ ಹೊತ್ತಿಗೆ ಅದೇ ಕೈ ದಾರಕ್ಕೆ ಗಂಟು ಹಾಕುತ್ತದೆ.

ಸರಿ, ಇಷ್ಟೆಲ್ಲ ಮಾಡಿ ತಯಾರು ಮಾಡಿದವರು ಆಮೇಲೆ ಲಂಡನ್ನಿಗೆ ಹೋಗುವುದಾದರೆ ಏನು ಬಂತು? ಎಲ್ಲರೂ ಕೇಳುವ ಪ್ರಶ್ನೆ ಇದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. 1974ರಿಂದ 2013ರವರೆಗೆ ಈ ಭಾಗದ ದೇಶಗಳಲ್ಲೇ ತರಬೇತಾದ ಸಾವಿರಕ್ಕೂ ಹೆಚ್ಚು ಸರ್ಜನ್‌ಗಳು ಈಗ ಎಲ್ಲಿದ್ದಾರೆ ಅಂತ ಹುಡುಕಿದರು. ಸುಮಾರು 85 ಶೇಕಡ ಜನ ಕಲಿತ ದೇಶದಲ್ಲೇ ಇದ್ದರು. ಆಫ್ರಿಕಾದ ಒಳಗೆ ಉಳಿದವರನ್ನು ಎಣಿಸಿದರೆ 93 ಶೇಕಡ ದಾಟಿತ್ತು. ಪ್ರತಿಭಾ ಪಲಾಯನ ಅಂತ ನಾವು ಬಾಯಿಪಾಠ ಮಾಡಿಕೊಂಡಿರುವ ಕಥೆಗೆ ಇದು ಸರಿಯಾದ ಪೆಟ್ಟು. ಹೊರಗೆ ಹೋಗಿ ಕಲಿತವನು ಹೊರಗೇ ಬೇರು ಬಿಡುತ್ತಾನೆ. ಮದುವೆ, ಮಕ್ಕಳ ಸ್ಕೂಲು, ಮನೆ ಸಾಲ ಎಲ್ಲ ಆ ಐದಾರು ವರ್ಷದಲ್ಲೇ ಆಗುವುದು. ಅದೇ ಐದಾರು ವರ್ಷ ಊರಲ್ಲೇ ಕಳೆದರೆ ಬೇರು ಊರಲ್ಲೇ ಇಳಿಯುತ್ತದೆ. ಇದಕ್ಕೆ ಬಾಂಡ್ ಬರೆಸಿಕೊಳ್ಳಬೇಕಿಲ್ಲ. ನಮ್ಮ ಕರ್ನಾಟಕದಲ್ಲಿ 2012ರ ಕಾಯ್ದೆ ತಂದು ವೈದ್ಯ ಪದವೀಧರರಿಗೆ ಒಂದು ವರ್ಷ ಕಡ್ಡಾಯ ಸೇವೆ ಅಂದದ್ದು, ಅದು ಕೋರ್ಟು ಮೆಟ್ಟಿಲು ಹತ್ತಿ ಇಳಿದದ್ದು ನೆನಪಿರುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಆದರೆ ಈ 85 ಶೇಕಡವನ್ನು ಹಿಡಿದು ಕುಣಿಯುವ ಮೊದಲು ಇನ್ನೆರಡು ಅಂಕಿ ನೋಡಬೇಕು. 2016ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಕೊಸೆಕ್ಸಾ ದೇಶಗಳಲ್ಲಿ ಇದ್ದ ಸ್ಪೆಷಲಿಸ್ಟ್ ಸರ್ಜನ್‌ಗಳು 1,690 ಜನ. ಲಕ್ಷ ಜನಕ್ಕೆ ಅರ್ಧ ಸರ್ಜನ್, ಕರಾರುವಾಕ್ಕಾಗಿ ಹೇಳಬೇಕೆಂದರೆ 0.53. ಸರ್ಜನ್, ಅರಿವಳಿಕೆ ತಜ್ಞ, ಹೆರಿಗೆ ತಜ್ಞ ಮೂವರೂ ಸೇರಿ ಲಕ್ಷಕ್ಕೆ ಕನಿಷ್ಠ 20 ಜನ ಬೇಕು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2015ರ ಆಯೋಗ ಹೇಳಿದೆ. ಇದ್ದವರಲ್ಲಿ ಹೆಂಗಸರು 9 ಶೇಕಡ ಮಾತ್ರ. ಬಹುಪಾಲು ಸರ್ಜನ್‌ಗಳು ಇರುವುದು ದೊಡ್ಡ ನಗರಗಳಲ್ಲಿ. ದೇಶದೊಳಗೆ ಉಳಿದರು ಅಂದರೆ ಎನ್‌ಗೋರಾದಲ್ಲಿ ಉಳಿದರು ಅಂತಲ್ಲ.

ಹಳ್ಳಿಯಲ್ಲಿ ಯಾರು ಉಳಿಯುತ್ತಾರೆ ಅನ್ನುವುದಕ್ಕೆ ಉತ್ತರ ಕೊಟ್ಟದ್ದು ಸರ್ಜನ್‌ಗಳಲ್ಲ, ಮೊಜಾಂಬಿಕ್ ದೇಶ. 1975ರಲ್ಲಿ ಸ್ವಾತಂತ್ರ್ಯ ಬಂದಾಗ ಅಲ್ಲಿದ್ದ ಪೋರ್ಚುಗೀಸ್ ಡಾಕ್ಟರುಗಳಲ್ಲಿ ಬಹುಪಾಲು ಜನ ಗಂಟುಮೂಟೆ ಕಟ್ಟಿದರು. ಹಿಂದೆಯೇ ಅಂತರ್ಯುದ್ಧ ಬಂತು. ಡಾಕ್ಟರ್ ತಯಾರಾಗುವವರೆಗೆ ಕಾಯುವ ಸ್ಥಿತಿ ಇರಲಿಲ್ಲ. 1984ರಲ್ಲಿ ಅವರು ಅನುಭವಿ ಆರೋಗ್ಯ ಸಹಾಯಕರನ್ನೂ ನರ್ಸುಗಳನ್ನೂ ಆರಿಸಿ ಮೂರು ವರ್ಷ ಶಸ್ತ್ರಚಿಕಿತ್ಸೆ ಕಲಿಸಲು ಶುರು ಮಾಡಿದರು. ಎಂಬಿಬಿಎಸ್ ಇಲ್ಲದವರ ಕೈಗೆ ಚಾಕು. ‘ಟೆಕ್ನಿಕೋ ಡಿ ಸಿರೂರ್ಜಿಯಾ’, ಅಂದರೆ ಶಸ್ತ್ರಚಿಕಿತ್ಸಾ ತಂತ್ರಜ್ಞ ಅಂತ ಅವರಿಗೆ ಹೆಸರು.

ಡಾಕ್ಟರುಗಳು ಹುಬ್ಬೇರಿಸಿದರು. ಏರಿಸಬೇಕಾದದ್ದೇ. ಹೊಟ್ಟೆ ಕೊಯ್ಯುವುದು ಹುಡುಗಾಟವಲ್ಲ. ಹಾಗಾಗಿ ಲೆಕ್ಕ ಇಟ್ಟರು. ರಾಜಧಾನಿ ಮಪುಟೊದ ಕೇಂದ್ರ ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಮಾಡಿದ್ದೂ ಈ ತಂತ್ರಜ್ಞರು ಮಾಡಿದ್ದೂ ಸೇರಿ 2,071 ಸಿಸೇರಿಯನ್‌ಗಳನ್ನು ಹೋಲಿಸಿ ನೋಡಿದರು. ಮೇಲಿನ ಹೊಲಿಗೆ ಬಿಟ್ಟುಕೊಂಡದ್ದು ಇವರಲ್ಲಿ ಕೊಂಚ ಜಾಸ್ತಿ ಇತ್ತು, ಅದು ಬಿಟ್ಟರೆ ತಾಯಿ-ಮಗುವಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ. 2002ರ ಹೊತ್ತಿಗೆ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಆಗುತ್ತಿದ್ದ ದೊಡ್ಡ ಹೆರಿಗೆ ಆಪರೇಷನ್‌ಗಳಲ್ಲಿ 92 ಶೇಕಡ ಇವರೇ ಮಾಡುತ್ತಿದ್ದರು. ಇನ್ನೊಂದು ಅಂಕಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಕೋರ್ಸ್ ಮುಗಿಸಿ ಏಳು ವರ್ಷವಾದ ಮೇಲೆ ನೋಡಿದರೆ ಈ ತಂತ್ರಜ್ಞರಲ್ಲಿ 88 ಶೇಕಡ ಜನ ಇನ್ನೂ ಜಿಲ್ಲಾ ಆಸ್ಪತ್ರೆಯಲ್ಲೇ ಇದ್ದರು. ಅದೇ ಆಸ್ಪತ್ರೆಗಳಿಗೆ ನೇಮಕವಾಗಿದ್ದ ಡಾಕ್ಟರುಗಳಲ್ಲಿ ಉಳಿದವರು? ಒಬ್ಬರೂ ಇಲ್ಲ.

ಇದನ್ನು ಓದಿ ‘ಡಾಕ್ಟರುಗಳು ಸ್ವಾರ್ಥಿಗಳು’ ಅಂದುಬಿಡುವುದು ಸುಲಭ. ನಾನು ಹಾಗೆ ಓದುವುದಿಲ್ಲ. ಎಂಬಿಬಿಎಸ್ ಸರ್ಟಿಫಿಕೇಟಿಗೆ ಪ್ರಪಂಚದ ತುಂಬಾ ಮಾರುಕಟ್ಟೆ ಇದೆ, ತಂತ್ರಜ್ಞರ ಸರ್ಟಿಫಿಕೇಟಿಗೆ ಮೊಜಾಂಬಿಕ್ ಬಿಟ್ಟರೆ ಬೇರೆಲ್ಲೂ ಬೆಲೆಯಿಲ್ಲ. ಉಳಿದದ್ದಕ್ಕೆ ಅದೂ ಒಂದು ಕಾರಣ. ಹೋಗಲಾರದವರನ್ನು ತಯಾರು ಮಾಡಿ ‘ನೋಡಿ ಎಷ್ಟು ನಿಷ್ಠೆ’ ಅಂತ ಹೊಗಳುವುದರಲ್ಲಿ ಸ್ವಲ್ಪ ಮೋಸವಿದೆ. ಅವರಿಗೂ ಬಡ್ತಿ ಬೇಕು, ಸಂಬಳ ಏರಬೇಕು, ಮುಂದೆ ಓದುವ ದಾರಿ ಬೇಕು. ಕಡಿಮೆ ಖರ್ಚಿನ ಪರಿಹಾರ ಅಂತ ಇಂಥವನ್ನು ಹೊಗಳುವ ವರದಿಗಳಲ್ಲಿ ಈ ಭಾಗಕ್ಕೆ ಸಿಗುವ ಜಾಗ ಕಡಿಮೆ.

ಮತ್ತೆ ಒಮಾಸ್ವಾ ಅವರ ಕಡೆ ಬರೋಣ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವಾರ್ಷಿಕ ವರದಿಯನ್ನೇ ಆರೋಗ್ಯ ಸಿಬ್ಬಂದಿಗೆ ಮೀಸಲಿಟ್ಟಿತು. ಆಫ್ರಿಕಾದ ತಲೆ ಮೇಲೆ ಪ್ರಪಂಚದ ಕಾಯಿಲೆಯ ಹೊರೆಯ 24 ಶೇಕಡ ಇದೆ, ಅಲ್ಲಿರುವ ಸಿಬ್ಬಂದಿ 3 ಶೇಕಡ ಅಂತ ಅದರಲ್ಲಿ ಇತ್ತು. ಅದೇ ವರ್ಷ ಈ ಕೊರತೆಯ ವಿಷಯಕ್ಕೇ ಒಂದು ಜಾಗತಿಕ ಒಕ್ಕೂಟ ಹುಟ್ಟಿತು, ಅದರ ಮೊದಲ ಮುಖ್ಯಸ್ಥರು ಒಮಾಸ್ವಾ. 2008ರ ಮಾರ್ಚಿನಲ್ಲಿ ಕಂಪಾಲಾದಲ್ಲೇ ದೊಡ್ಡ ಸಭೆ ನಡೆದು ಕಂಪಾಲಾ ಘೋಷಣೆ ಹೊರಬಿತ್ತು. 2010ರಲ್ಲಿ ಬಡ ದೇಶಗಳಿಂದ ಡಾಕ್ಟರು-ನರ್ಸುಗಳನ್ನು ಸೆಳೆದುಕೊಳ್ಳುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಒಂದು ನೀತಿಸಂಹಿತೆ ತಂದಿತು. ಪಾಲಿಸಲೇಬೇಕು ಅನ್ನುವ ಕಟ್ಟುಪಾಡು ಅದಕ್ಕಿಲ್ಲ. 2023ರ ಪಟ್ಟಿಯಲ್ಲಿ ಹೀಗೆ ಸಿಬ್ಬಂದಿ ಸೆಳೆಯಬಾರದ ದೇಶಗಳು 55, ಅದರಲ್ಲಿ 37 ಆಫ್ರಿಕಾ ವಲಯದವು. ಆ ದೇಶಗಳಿಗೆ ಹೋಗಿ ‘ಬನ್ನಿ ಬನ್ನಿ’ ಅಂತ ಕರೆಯುವ ಹಾಗಿಲ್ಲ. ತಾವಾಗಿಯೇ ಅರ್ಜಿ ಹಾಕಿದವರನ್ನು ತೆಗೆದುಕೊಂಡರೆ ಅಡ್ಡಿಯಿಲ್ಲ. ಬಾಗಿಲು ಮುಚ್ಚಿದೆ, ಚಿಲಕ ಹಾಕಿಲ್ಲ.

ಈ ಹೊತ್ತಿಗೆ ಒಮಾಸ್ವಾ ಕಂಪಾಲಾದಲ್ಲಿ ತಮ್ಮದೇ ಒಂದು ಸಂಸ್ಥೆ ಕಟ್ಟಿದ್ದರು, ಜಾಗತಿಕ ಆರೋಗ್ಯ ಮತ್ತು ಸಾಮಾಜಿಕ ಬದಲಾವಣೆಯ ಆಫ್ರಿಕನ್ ಕೇಂದ್ರ, ಚಿಕ್ಕದಾಗಿ ಅಚೆಸ್ಟ್ ಅಂತ. ಅಮೆರಿಕದ ಮಕ್ಕಳ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ ಅವರೂ ಇವರೂ ಸೇರಿ ಸಹಾರಾದ ದಕ್ಷಿಣಕ್ಕಿರುವ ಮೆಡಿಕಲ್ ಕಾಲೇಜುಗಳನ್ನೆಲ್ಲ ಎಣಿಸಿದರು. ಅದುವರೆಗೆ ಯಾರೂ ಸರಿಯಾಗಿ ಎಣಿಸಿರಲಿಲ್ಲ! 168 ಸಿಕ್ಕವು. 11 ದೇಶಗಳಲ್ಲಿ ಒಂದೂ ಇರಲಿಲ್ಲ, 24 ದೇಶಗಳಲ್ಲಿ ಒಂದೇ ಒಂದು. ಎಲ್ಲ ಕಡೆ ಕೇಳಿ ಬಂದ ದೂರು ಒಂದೇ: ಕಲಿಸುವವರಿಲ್ಲ. ಸೀಟು ಹೆಚ್ಚಿಸಿ ಅಂತ ಸರ್ಕಾರ ಹೇಳುತ್ತದೆ, ಸೀಟು ಹೆಚ್ಚಾಗುತ್ತದೆ, ಮೇಷ್ಟ್ರುಗಳು ಅಷ್ಟೇ ಇರುತ್ತಾರೆ. ಇದನ್ನು ಬೆಂಗಳೂರಲ್ಲಿ ಕೂತು ಓದುವವರಿಗೆ ವಿವರಿಸಿ ಹೇಳಬೇಕಾಗಿಲ್ಲ.

2010ರಲ್ಲಿ ಅಮೆರಿಕ ಸರ್ಕಾರ ಐದು ವರ್ಷಕ್ಕೆ 13 ಕೋಟಿ ಡಾಲರ್ ಇಟ್ಟು ಆಫ್ರಿಕಾದ 12 ದೇಶಗಳ 13 ಸಂಸ್ಥೆಗಳಿಗೆ ಕೊಟ್ಟಿತು. ಅದರಲ್ಲಿ ಒಂದು ಒಳ್ಳೆಯ ವಿಷಯವೆಂದರೆ ದುಡ್ಡು ನೇರವಾಗಿ ಆಫ್ರಿಕಾದ ಕಾಲೇಜುಗಳ ಕೈಗೆ ಬಂತು, ಅಮೆರಿಕದ ವಿಶ್ವವಿದ್ಯಾಲಯಗಳು ಜೊತೆಗಾರರಾಗಿ ನಿಂತವು. ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ವಿದ್ಯಾರ್ಥಿಗಳನ್ನು ಊರ ಆಸ್ಪತ್ರೆಗಳಿಗೆ ಕಳಿಸಿ ಅಲ್ಲೇ ಕಲಿಸುವುದು, ಕಿರಿಯ ಮೇಷ್ಟ್ರುಗಳಿಗೆ ಸಂಶೋಧನೆ ಕಲಿಸುವುದು ಹೀಗೆ ಕೆಲಸ ನಡೆಯಿತು. ಐದು ವರ್ಷ ಮುಗಿದ ಮೇಲೆ ಹೊಳೆ ಬತ್ತಿ ತೊರೆಯಾಯಿತು. 2016ರಲ್ಲಿ ಆ ಕಾಲೇಜುಗಳೂ ನರ್ಸಿಂಗ್ ಕಾಲೇಜುಗಳೂ ಸೇರಿ ಆಫ್ರಿಹೆಲ್ತ್ ಎಂಬ ಸಂಘ ಮಾಡಿಕೊಂಡವು. ಡಾಕ್ಟರಿಗೆ ಕಲಿಸುವವರೂ ನರ್ಸಿಗೆ ಕಲಿಸುವವರೂ ಒಂದೇ ಸಭೆಯಲ್ಲಿ ಕೂರುವುದು ಸಣ್ಣ ಸಾಧನೆಯಲ್ಲ, ಆಸ್ಪತ್ರೆ ರಾಜಕೀಯ ಗೊತ್ತಿದ್ದವರನ್ನು ಕೇಳಿ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ಕತ್ತರಿ ಹಾಕಿದಾಗ, ಹೊರಗಿನ ದುಡ್ಡಿನ ಮೇಲೆ ನಿಂತ ಕೆಲಸಗಳು ಎಷ್ಟು ತೆಳ್ಳಗಿನ ನೆಲದ ಮೇಲಿದ್ದವು ಅಂತ ಮತ್ತೆ ಗೊತ್ತಾಯಿತು.

ಈಗಿನ ಸಮಸ್ಯೆ ಇನ್ನೂ ವಿಚಿತ್ರ. ಆಫ್ರಿಕಾ ವಲಯದಲ್ಲಿ 2030ರ ಹೊತ್ತಿಗೆ 61 ಲಕ್ಷ ಆರೋಗ್ಯ ಸಿಬ್ಬಂದಿ ಕಮ್ಮಿ ಬೀಳುತ್ತಾರೆ ಅಂತ ಅಂದಾಜು. ಅದೇ ಹೊತ್ತಿಗೆ ಓದು ಮುಗಿಸಿದ ಡಾಕ್ಟರುಗಳು, ನರ್ಸುಗಳು ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದಾರೆ. ರೋಗಿಗಳು ಸಾಲಲ್ಲಿ ನಿಂತಿದ್ದಾರೆ, ಡಾಕ್ಟರೂ ಕೆಲಸದ ಸಾಲಲ್ಲಿ ನಿಂತಿದ್ದಾರೆ. ನಡುವೆ ಇರುವುದು ಹಣಕಾಸು ಇಲಾಖೆ. ಸಾಲದ ಬಡ್ಡಿ ಕಟ್ಟಿ ಉಳಿದದ್ದರಲ್ಲಿ ಹೊಸ ಹುದ್ದೆ ಮಂಜೂರು ಮಾಡಲು ಆಗುವುದಿಲ್ಲ ಅನ್ನುತ್ತದೆ ಅದು.

ಕೀನ್ಯಾದಲ್ಲಿ 2024ರ ಮಾರ್ಚಿನಿಂದ ಮೇವರೆಗೆ ಸರ್ಕಾರಿ ಡಾಕ್ಟರುಗಳು 56 ದಿನ ಮುಷ್ಕರ ಹೂಡಿದರು. ಜಗಳದ ನಡುಮಧ್ಯೆ ಇದ್ದವರು ಇಂಟರ್ನ್‌ಗಳು, ನಮ್ಮ ಭಾಷೆಯಲ್ಲಿ ಹೌಸ್ ಸರ್ಜನ್‌ಗಳು. 2017ರ ಒಪ್ಪಂದದ ಪ್ರಕಾರ ಅವರಿಗೆ ತಿಂಗಳಿಗೆ 2,06,000 ಶಿಲ್ಲಿಂಗ್ ಬರಬೇಕು. ಸರ್ಕಾರ 70,000 ಕೊಡುತ್ತೇವೆ ಅಂದಿತು. ಇಂಟರ್ನ್‌ಶಿಪ್ ಮುಗಿಯದೆ ಲೈಸೆನ್ಸ್ ಸಿಗದು, ಪೋಸ್ಟಿಂಗ್ ಸಿಗದೆ ಇಂಟರ್ನ್‌ಶಿಪ್ ಶುರುವಾಗದು. ಹೀಗೆ ಆರು ವರ್ಷ ಓದಿದವರು ಕಾಯುತ್ತಾ ಕೂತರು. ಸರ್ಜನ್ ಆಗುವ ದಾರಿಯ ಮೊದಲ ಮೆಟ್ಟಿಲೇ ಇದು. ಇಲ್ಲಿ ತಡೆದರೆ ಐದು ವರ್ಷದ ಕೊಸೆಕ್ಸಾ ತರಬೇತಿಗೆ ಬರುವವರು ಯಾರು?

ಒಮಾಸ್ವಾ ಅವರ ದಾರಿಯಲ್ಲಿ ನನಗೆ ಮೆಚ್ಚುಗೆಯಾಗುವುದೂ ಅಸಮಾಧಾನ ಆಗುವುದೂ ಇದೇ ಜಾಗದಲ್ಲಿ. ಎಲ್ಲಿ ಕಲಿಸಬೇಕು, ಯಾರು ಕಲಿಸಬೇಕು ಅನ್ನುವುದಕ್ಕೆ ಅವರ ತಲೆಮಾರಿನವರು ಗಟ್ಟಿ ಉತ್ತರ ಕಟ್ಟಿ ತೋರಿಸಿದರು. ಘೋಷಣೆ, ಸಂಹಿತೆ, ಒಕ್ಕೂಟ ಅಂತ ಸಭೆಗಳಲ್ಲೂ ಬಹಳ ವರ್ಷ ಕಳೆದರು. ಹುದ್ದೆ ಮಂಜೂರು ಮಾಡುವ ಮಂತ್ರಿಗಳು ಆ ಸಭೆಗಳಲ್ಲಿ ಕಂಡದ್ದು ಕಡಿಮೆ. 2024ರ ಮೇ ತಿಂಗಳಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಆಫ್ರಿಕಾದ ದೇಶಗಳು ಆರೋಗ್ಯ ಸಿಬ್ಬಂದಿಗೆ ಹಣ ಹಾಕುವ ಬಗ್ಗೆಯೇ ಒಂದು ಒಪ್ಪಂದಪತ್ರ ಹೊರಡಿಸಿದವು. ಕಂಪಾಲಾ ಘೋಷಣೆಯಾಗಿ ಹದಿನಾರು ವರ್ಷದ ಮೇಲೆ ಮಾತು ಸಂಬಳದ ಪಟ್ಟಿಯ ಹತ್ತಿರ ಬಂದಿತ್ತು.

ಇದೆಲ್ಲದರ ನಡುವೆ ಪ್ರತಿ ವರ್ಷದ ಕೊನೆಗೆ ಕೊಸೆಕ್ಸಾ ಪರೀಕ್ಷೆ ನಡೆಯುತ್ತದೆ. ಬೇರೆ ಬೇರೆ ದೇಶಗಳಿಂದ ಬಂದವರು ಲಾಗ್‌ಬುಕ್ ತೋರಿಸಿ, ಪರದೇಶದ ಮೇಷ್ಟ್ರ ಮುಂದೆ ರೋಗಿಯನ್ನು ಪರೀಕ್ಷಿಸಿ, ಪ್ರಶ್ನೆಗೆ ಉತ್ತರ ಹೇಳುತ್ತಾರೆ. ಪಾಸಾದವರು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮರುವಾರ ವಾಪಸ್ ತಮ್ಮ ಆಸ್ಪತ್ರೆ. ಅಲ್ಲಿ ಓಟಿಯ ಹೊರಗಿನ ಬೋರ್ಡಿನಲ್ಲಿ ಆ ದಿನದ ಪಟ್ಟಿ ಬರೆದಿರುತ್ತದೆ: ಎರಡು ಹರ್ನಿಯಾ, ಒಂದು ಸಿಸೇರಿಯನ್, ಒಂದು ಕಾಲು ಮುರಿತ.